ಬೆಣ್ಣೆ ಶರ್ಮರ ಅನ್ನತ್ಯಾಗ

ಸುಬ್ರಾಯ ಶರ್ಮರು ತೆಂಗಿನೆಣ್ಣೆ ಕುಡಿಯುತ್ತಿದ್ದರು. ಬೆಳಿಗ್ಗೆ ಆರು ಗಂಟೆಗೆ ಪುತ್ತೂರಿನ ಮೈದಾನದ ಮೆಟ್ಟಿಲ ಮೇಲೆ ನಿಂತು, ಸೊಂಟದ ಪಟ್ಟಿಯಿಂದ ಕೆಮ್ಮಿನ ಔಷಧದ ಹಳೆಯ ಬಾಟಲಿಯೊಂದನ್ನು ತೆಗೆದು, ಮುಚ್ಚಳ ತಿರುಗಿಸಿ, ಮುಖ ಮೇಲೆ ಮಾಡಿ ಎರಡು ಗುಟುಕು. ಆಮೇಲೆ ಮೀಸೆಗೆ ಅಂಟಿದ್ದನ್ನು ಬೆರಳಿನಲ್ಲಿ ಒರೆಸಿ ಮಂಡಿಗೆ ಸವರುತ್ತಿದ್ದರು. ಹಾಳು ಮಾಡಬಾರದಲ್ಲ! ವಾಕಿಂಗಿಗೆ ಬಂದ ಬ್ಯಾಂಕಿನವರು, ನಿವೃತ್ತ ಮೇಷ್ಟ್ರುಗಳು ಎಲ್ಲ ನಿಂತು ನೋಡುತ್ತಿದ್ದರು. ನೋಡಲಿ ಎಂದೇ ಶರ್ಮರು ಕುಡಿಯುತ್ತಿದ್ದದ್ದು. ಮೈದಾನ ಖಾಲಿ ಇದ್ದ ದಿನ ಆ ಬಾಟಲಿ ಸೊಂಟ ಬಿಟ್ಟು ಮೇಲೆ ಬಂದದ್ದನ್ನು ನಾನು ಕಂಡಿಲ್ಲ.

ಜನ ಅವರಿಗೆ ಬೆಣ್ಣೆ ಶರ್ಮ ಎಂದು ಹೆಸರಿಟ್ಟಿದ್ದರು. ಅದನ್ನು ಅವರು ಬಿರುದು ಎಂದುಕೊಂಡಿದ್ದರು. ಮನೆ ನರಿಮೊಗರಿನಲ್ಲಿ, ಪುತ್ತೂರಿನಲ್ಲಿ ಪಂಪ್‌ಸೆಟ್ ರಿಪೇರಿಯ ಅಂಗಡಿ. ಐವತ್ತೈದು ದಾಟಿದ ಮನುಷ್ಯ, ಒಣಕಲು ಮೈ, ಕೊಕ್ಕರೆಯ ಕಾಲು. ಹಿರಿಯರ ವಿಭಾಗದಲ್ಲಿ ಮಂಗಳೂರಿಗೋ ಮೈಸೂರಿಗೋ ಹೋಗಿ ಇಪ್ಪತ್ತೊಂದು ಕಿಲೋಮೀಟರ್ ಓಡಿ ಮೆಡಲು ತರುತ್ತಿದ್ದರು. ಆ ಮೆಡಲುಗಳು ಅಂಗಡಿಯ ಗೋಡೆಯಲ್ಲಿ ಪಂಪಿನ ಬೆಲ್ಟುಗಳ ಪಕ್ಕದ ಮೊಳೆಗಳಲ್ಲಿ ನೇತಾಡುತ್ತಿದ್ದವು. ಸುಳ್ಳು ಯಾಕೆ ಹೇಳಬೇಕು, ಮನುಷ್ಯ ಚೆನ್ನಾಗಿಯೇ ಓಡುತ್ತಿದ್ದರು. ಅವರು ಬಾಯಿ ಮುಚ್ಚಿಕೊಂಡು ಓಡಿದ್ದರೆ ನನಗೂ ಅವರಿಗೂ ಯಾವ ಜಗಳವೂ ಇರುತ್ತಿರಲಿಲ್ಲ.

ಆದರೆ ಶರ್ಮರಿಗೆ ಸಿದ್ಧಾಂತವಿತ್ತು. ನಾನು ಅವರ ಹತ್ತಿರ ಹೋಗುವುದಕ್ಕೆ ಮೂರು ವರ್ಷ ಮೊದಲು ಮೊಬೈಲಿನಲ್ಲಿ ಯಾರೋ ಬಿಳಿ ದೊರೆಯೊಬ್ಬ ಇಂಗ್ಲಿಷಿನಲ್ಲಿ ಮಾತಾಡುವುದನ್ನು ಕೇಳಿದರಂತೆ. ಅನ್ನ, ಸಕ್ಕರೆ ಬಿಡಬೇಕು, ಕೊಬ್ಬು ತಿನ್ನಬೇಕು, ಆಗ ದೇಹ ಕೊಬ್ಬನ್ನೇ ಉರಿಸಲು ಕಲಿಯುತ್ತದೆ, ಎಷ್ಟು ದೂರ ಓಡಿದರೂ ದಣಿವಿಲ್ಲ ಎಂದು ಅವನು ಹೇಳಿದ್ದನಂತೆ. ಮರುದಿನದಿಂದ ಶರ್ಮರು ಅನ್ನ ಬಿಟ್ಟರು. ಬಿಟ್ಟದ್ದು ಸಾಲದು, ಊರಿಗೆಲ್ಲ ಬಿಡಿಸಲು ಹೊರಟರು. ಸುಟ್ಟು ಹೋದ ಮೋಟಾರು ಹೊತ್ತುಕೊಂಡು ಬಂದ ಗಿರಾಕಿಗೂ ಮೊದಲು ಅದೇ ಪ್ರವಚನ.

"ಅನ್ನ ಅಂದ್ರೆ ತೆಂಗಿನ ಮಡಲು ಮಾರಾಯ್ರೆ. ಭಗ್ ಅಂತ ಉರಿದು ಹೋಗ್ತದೆ. ಬೆಣ್ಣೆ ಅಂದ್ರೆ ಹಲಸಿನ ಕೊರಡು. ಒಮ್ಮೆ ಬೆಂಕಿ ಹಿಡಿದ್ರೆ ಮಧ್ಯಾಹ್ನದವರೆಗೆ ಬಚ್ಚಲಿನ ನೀರು ಬಿಸಿ."

ಗಿರಾಕಿ ತಲೆಯಾಡಿಸುತ್ತಿದ್ದ. ಅವನಿಗೆ ಬೇಕಾದದ್ದು ತೋಟಕ್ಕೆ ನೀರು. ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಇವರು ಹಾಲು ಹಾಕದ ಕಾಫಿಗೆ ಬೆಣ್ಣೆ ಹಾಕಿ ಕೊಡು ಎಂದು ಹೇಳಿ, ಮಾಣಿ ಅದಕ್ಕೆ ಅಭ್ಯಾಸಬಲದಿಂದ ಸಕ್ಕರೆಯನ್ನೂ ಹಾಕಿ ತಂದು, ಇವರು ಅದನ್ನು ವಾಪಸು ಕಳಿಸಿ ರಂಪ ಮಾಡಿದ ಕಥೆ ಪುತ್ತೂರಿನಲ್ಲಿ ಎಲ್ಲರಿಗೂ ಗೊತ್ತು. ಮೂರನೇ ಸಲಕ್ಕೆ ಹೋಟೆಲಿನ ಯಜಮಾನ ಕೈ ಮುಗಿದು, ಬೆಣ್ಣೆ ಬೇಕಾದರೆ ಕೊಡುತ್ತೇನೆ, ಕಾಫಿ ಬೇರೆ ಕುಡಿಯಿರಿ, ಎರಡನ್ನೂ ಹೊಟ್ಟೆಯಲ್ಲಿ ಸೇರಿಸಿಕೊಳ್ಳಿ ಎಂದರಂತೆ.

ಇಂಥವರನ್ನು ಗುರು ಎಂದು ಒಪ್ಪಿಕೊಂಡ ಬುದ್ಧಿವಂತೆ ನಾನು. ಮನೆ ಪಂಜದಲ್ಲಿ. ಅಪ್ಪನದು ರಬ್ಬರ್ ಟ್ಯಾಪಿಂಗ್ ಕೆಲಸ. ನಾನು ಹೈಸ್ಕೂಲಿನಿಂದಲೇ ಅಪ್ಪನ ಜೊತೆ ಹೋಗುತ್ತಿದ್ದೆ. ಬೆಳಕು ಹರಿಯುವ ಮೊದಲು ತಲೆಗೆ ಟಾರ್ಚ್ ಕಟ್ಟಿಕೊಂಡು, ಗುಡ್ಡ ಹತ್ತಿ ಇಳಿದು, ಒಂದೊಂದೇ ಮರಕ್ಕೆ ಚಾಕು ಎಳೆದು ಹಾಲು ಬೀಳುವ ಗೆರಟೆ ಸರಿ ಮಾಡುತ್ತ ಮುನ್ನೂರು ಮರ ಮುಗಿಸುವುದು. ಪುನಃ ಅದೇ ದಾರಿಯಲ್ಲಿ ಹಾಲು ಕೂಡಿಸಿಕೊಂಡು ಬರುವುದು. ಅಲ್ಲಿಯವರೆಗೆ ಹೊಟ್ಟೆಗೆ ಒಂದು ಲೋಟ ಚಾ ಮಾತ್ರ. ಎಲ್ಲ ಮುಗಿದ ಮೇಲೆ ಕುಚ್ಚಲಕ್ಕಿ ಗಂಜಿ. ಕಾಲೇಜಿನಲ್ಲಿ ಓಟಕ್ಕೆ ನಿಲ್ಲಿಸಿದಾಗ ನನ್ನನ್ನು ಹಿಂದೆ ಹಾಕುವವರು ಇರಲಿಲ್ಲ. ಅದು ನನ್ನ ಸಾಧನೆಯಲ್ಲ, ಆ ಗುಡ್ಡದ್ದು.

ಡಿಗ್ರಿ ಮುಗಿದು ಮನೆಯಲ್ಲಿ ಕೂತಿದ್ದಾಗ ಒಂದು ಸರ್ಕಾರಿ ಇಲಾಖೆ ಕ್ರೀಡಾ ಕೋಟಾದಲ್ಲಿ ಇಬ್ಬರು ಓಟಗಾರ್ತಿಯರನ್ನು ತೆಗೆದುಕೊಳ್ಳುತ್ತದೆ ಎಂದು ಸುದ್ದಿ ಬಂತು. ಮೇ ಕೊನೆಗೆ ಮಂಗಳೂರಿನಲ್ಲಿ ಹತ್ತು ಕಿಲೋಮೀಟರ್ ಓಟ. ಮೊದಲು ಬಂದ ಇಬ್ಬರಿಗೆ ಪರ್ಮನೆಂಟ್ ನೌಕರಿ. ಅರ್ಜಿ ಹಾಕಿದ ಜಿಲ್ಲೆಯ ಹುಡುಗಿಯರಲ್ಲಿ ನನ್ನಷ್ಟು ಬೇಗ ಓಡುವವರು ಯಾರೂ ಇಲ್ಲ ಎಂದು ನನಗೆ ಗೊತ್ತಿತ್ತು. ಕಡಬದ ರಮ್ಲತ್ ಒಬ್ಬಳು ಹತ್ತಿರ ಬರುತ್ತಿದ್ದಳು. ಕಾಲೇಜಿನ ಮೂರು ವರ್ಷವೂ ಅವಳು ನನ್ನ ಬೆನ್ನು ನೋಡಿಕೊಂಡೇ ಓಡಿದವಳು. ಅಂದರೆ ನೌಕರಿ ನನ್ನ ಕೈಗೆ ಬಂದ ಹಾಗೆಯೇ. ಅಪ್ಪ ಆಗಲೇ ನೌಕರಿ ಸಿಕ್ಕಿದ ಮೇಲೆ ನೀನು ಗುಡ್ಡ ಹತ್ತುವುದು ಬೇಡ ಎಂದಿದ್ದರು.

ಇರುವುದನ್ನು ಹಾಗೇ ಬಿಟ್ಟಿದ್ದರೆ ಸಾಕಿತ್ತು. ಆದರೆ ನನಗೆ ಕೋಚ್ ಬೇಕು ಅನಿಸಿತು. ಭಾನುವಾರ ಮೊದಲ ಬಸ್ಸು ಹಿಡಿದು ಪುತ್ತೂರಿನ ಮೈದಾನಕ್ಕೆ ಹೋದೆ. ಶರ್ಮರು ಎಣ್ಣೆ ಕುಡಿದು ಮುಗಿಸಿ ನನ್ನ ಎರಡು ಸುತ್ತು ನೋಡಿದರು. ಮನೆ ಎಲ್ಲಿ, ಅಪ್ಪ ಎಂತ ಮಾಡುದು ಎಂದು ಕೇಳಿದರು. ಹೇಳಿದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಗುಡ್ಡ ಹತ್ತುತ್ತೇನೆ ಎಂದದ್ದೇ ತಡ, ಅವರ ಕಣ್ಣು ಅರಳಿತು. ಅಮೆರಿಕದವರು ದುಡ್ಡು ಕೊಟ್ಟು ಕಲಿಯುವ ವಿದ್ಯೆಯನ್ನು ನೀನು ಹುಟ್ಟಿನಿಂದಲೇ ಮಾಡಿಕೊಂಡು ಬಂದಿದ್ದಿ, ಆಮೇಲೆ ಗಂಜಿ ಕುಡಿದು ಎಲ್ಲ ನೀರುಪಾಲು ಮಾಡುತ್ತಿದ್ದಿ ಎಂದರು. ನನ್ನ ಅಪ್ಪನ ಬಡತನಕ್ಕೆ ಅಮೆರಿಕದಲ್ಲಿ ಮರ್ಯಾದೆ ಇದೆ ಎಂದು ತಿಳಿದು ನಾನು ಉಬ್ಬಿ ಹೋದೆ. ಥೂ, ಎಂಥ ಹೊಗಳಿಕೆಗೆ ಬಿದ್ದೆ!

ಫೀಸು ಬೇಡ ಎಂದರು. ಅದು ಅವರ ದೊಡ್ಡ ಗುಣವಂತೆ. ನನ್ನ ಕೈಗೆ ಇಂಗ್ಲಿಷಿನ ನಾಲ್ಕು ಪುಟದ ಪ್ರಿಂಟು ಕೊಟ್ಟರು. ಇದೇ ನಿನ್ನ ಭಗವದ್ಗೀತೆ ಎಂದರು. ಮೊದಲ ಪುಟದಲ್ಲಿ ಓಡುತ್ತಿರುವ ಬಿಳಿಯನೊಬ್ಬನ ಚಿತ್ರ, ಅದರ ಕೆಳಗೆ ಬೆಣ್ಣೆಯ ಮುದ್ದೆ. ನಾನು ಮನೆಗೆ ಬಂದು ಮೊಬೈಲಿನಲ್ಲಿ ಅರ್ಥ ನೋಡಿಕೊಂಡು ನಾಲ್ಕೂ ಪುಟ ಓದಿದೆ. ಮೂರನೇ ಪುಟದಲ್ಲಿ ಮುಟ್ಟಬಾರದ ವಸ್ತುಗಳ ಪಟ್ಟಿ ಇತ್ತು. ಅಕ್ಕಿ ಮತ್ತು ಅಕ್ಕಿಯಿಂದ ಮಾಡಿದ್ದು ಎಲ್ಲ. ಗೋಧಿ, ರವೆ, ಬೆಲ್ಲ, ಬಾಳೆಹಣ್ಣು, ಗೆಣಸು, ಸಿಹಿ ಹಣ್ಣುಗಳು. ನಾನು ಅದನ್ನು ಅಡುಗೆಮನೆಯ ಬಾಗಿಲಿಗೆ ಅಂಟಿಸಿ, ಅಮ್ಮನಿಗೆ ಕನ್ನಡದಲ್ಲಿ ಓದಿ ಹೇಳಿದೆ.

ಅಮ್ಮ ಕೇಳಿ ಮುಗಿಸಿ, ಹಾಗಾದರೆ ಉಳಿದದ್ದು ಎಂತ ಎಂದಳು. ಮೊಟ್ಟೆ, ಮೀನು, ಬೆಣ್ಣೆ, ತೆಂಗಿನಕಾಯಿ, ಸೊಪ್ಪು. ಅನ್ನ ಇಲ್ಲದೆ ಮೀನು ಸಾರು ಹೇಗೆ ತಿನ್ನುವುದು ಎಂದು ಅವಳಿಗೆ ಕಡೆಗೂ ಅರ್ಥವಾಗಲಿಲ್ಲ. ಬಟ್ಟಲಲ್ಲಿ ಸಾರು ಹಾಕಿ ಚಮಚ ಕೊಟ್ಟು, ಜ್ವರ ಬಂದವರನ್ನು ನೋಡುವ ಹಾಗೆ ನೋಡುತ್ತ ನಿಲ್ಲುತ್ತಿದ್ದಳು. ಬೆಳಿಗ್ಗೆ ರಬ್ಬರ್ ಹಾಲು ಕೂಡಿಸಿ ಬಂದಾಗ ಅಪ್ಪನ ಎದುರು ಗಂಜಿಯ ಬಟ್ಟಲು, ನನ್ನ ಎದುರು ಮೂರು ಮೊಟ್ಟೆ ಮತ್ತು ಶರ್ಮರು ಡಬ್ಬದಲ್ಲಿ ಕಳಿಸಿದ ಬೆಣ್ಣೆ. ಗಂಜಿಯ ವಾಸನೆಗೆ ನನಗೆ ಕಣ್ಣಲ್ಲಿ ನೀರು ಬರುತ್ತಿತ್ತು. ನಾನು ಹೊರಗೆ ಜಗಲಿಯಲ್ಲಿ ಕೂತು ತಿನ್ನಲು ಶುರು ಮಾಡಿದೆ. ಹಲಸಿನ ಹಣ್ಣಿನ ಕಾಲ ಬಂತು. ಅಮ್ಮ ಎಲೆಯಲ್ಲಿ ಬೇಯಿಸಿದ ಹಲಸಿನ ಗಟ್ಟಿ ತಂದು ಪಕ್ಕದಲ್ಲಿಟ್ಟಳು. ನಾನು ಕೂಗಾಡಿದೆ. ನಿನಗೆ ನನ್ನ ನೌಕರಿ ಬೇಡವಾ ಎಂದು ಕೇಳಿದೆ. ಅಮ್ಮ ಎಲೆ ಎತ್ತಿಕೊಂಡಳು.

"ಮೂರು ತಿಂಗಳಾಯ್ತು, ಈ ಮನೆಯಲ್ಲಿ ನಾನು ಅಡುಗೆ ಮಾಡುದು ಯಾರಿಗೆ ಅಂತಲೇ ಗೊತ್ತಾಗುದಿಲ್ಲ" ಎಂದಳು.

ಅದಕ್ಕೆ ನಾನು ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವುದಿಲ್ಲ. ತೆಂಗಿನ ಮಡಲು, ಹಲಸಿನ ಕೊರಡು ಎಂದೆಲ್ಲ ಇತ್ತು. ಒಳ್ಳೆಯ ಗುರುವಿಗೆ ತಕ್ಕ ಶಿಷ್ಯೆ.

ಒಂದು ಮಾತು ಒಪ್ಪಬೇಕು. ಭಾನುವಾರ ಶರ್ಮರು ಮೈದಾನದ ಹುಡುಗರ ಜೊತೆ ನನ್ನನ್ನೂ ಸುಬ್ರಹ್ಮಣ್ಯದ ರಸ್ತೆಯಲ್ಲಿ ಉದ್ದಕ್ಕೆ ಓಡಿಸುತ್ತಿದ್ದರು. ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್, ಮಾತಾಡಿಕೊಂಡು ನಿಧಾನಕ್ಕೆ. ಮೊದಲ ಎರಡು ವಾರ ತಲೆ ತಿರುಗಿತು. ಆಮೇಲೆ ಅಷ್ಟು ದೂರಕ್ಕೂ ಹಸಿವೇ ಇಲ್ಲ, ಸುಸ್ತೇ ಇಲ್ಲ. ನಂಬಿಕೆ ಬಂದದ್ದು ಅಲ್ಲಿಯೇ. ಆದರೆ ವೇಗದ ಓಟ ಎಂದ ಕೂಡಲೇ ನಾನು ನಾನಾಗಿರುತ್ತಿರಲಿಲ್ಲ. ಮೊದಲು ಆರಾಮವಾಗಿ ಹೋಗುತ್ತಿದ್ದ ವೇಗಕ್ಕೇ ಈಗ ಉಸಿರು ಸಿಕ್ಕಿಹಾಕಿಕೊಳ್ಳುತ್ತಿತ್ತು. ಕಾಲು ನೋವಿಲ್ಲ, ಬಳಲಿಕೆಯಿಲ್ಲ, ಸುಮ್ಮನೆ ಮುಂದಿನ ಗೇರು ಬೀಳುತ್ತಿರಲಿಲ್ಲ. ಗಡಿಯಾರದಲ್ಲಿ ವಾರದಿಂದ ವಾರಕ್ಕೆ ನಾನು ಹಿಂದೆ ಬೀಳುತ್ತಿದ್ದೆ.

ಶರ್ಮರಿಗೆ ಹೇಳಿದರೆ, ದೇಹ ಇನ್ನೂ ಹೊಂದಿಕೊಂಡಿಲ್ಲ ಎಂದರು. ಆರನೇ ವಾರ ಹೇಳಿದಾಗಲೂ ಹೊಂದಿಕೊಂಡಿಲ್ಲ. ಹತ್ತನೇ ವಾರವೂ ಹೊಂದಿಕೊಂಡಿಲ್ಲ, ಬೆಣ್ಣೆ ಸ್ವಲ್ಪ ಜಾಸ್ತಿ ಮಾಡು. ವೇಗ ಹೆಚ್ಚಾದರೆ ಬೆಣ್ಣೆಯ ಮಹಿಮೆ, ಕಡಿಮೆಯಾದರೆ ನನ್ನ ಶ್ರದ್ಧೆಯ ಕೊರತೆ. ಸೋಲುವ ದಾರಿಯೇ ಇಲ್ಲದ ಸಿದ್ಧಾಂತ ಮಾರಾಯ್ರೆ. ತಾವು ಮಾತ್ರ ನನ್ನ ಪಕ್ಕದಲ್ಲಿ ಆ ಕೊಕ್ಕರೆ ಕಾಲು ಹಾಕಿಕೊಂಡು ಹಾರಿ ಹೋಗುತ್ತಿದ್ದರು. ಈ ಮುದುಕನಿಗೆ ಆಗುವುದು ನನಗೆ ಯಾಕೆ ಆಗುವುದಿಲ್ಲ ಎಂದು ನಾನು ನನ್ನನ್ನೇ ಬೈದುಕೊಳ್ಳುತ್ತಿದ್ದೆ.

ಮಂಗಳೂರಿನ ಓಟದ ಹಿಂದಿನ ಸಂಜೆ ನಾವು ಹುಡುಗಿಯರೆಲ್ಲ ಒಂದು ಹಾಸ್ಟೆಲಿನಲ್ಲಿ ಉಳಿದಿದ್ದೆವು. ಬೆಳಿಗ್ಗೆ ರಮ್ಲತ್ ಬಾಳೆಲೆ ಬಿಚ್ಚಿದಳು. ಅವಳ ಉಮ್ಮ ಕಟ್ಟಿಕೊಟ್ಟ ಅಕ್ಕಿ ರೊಟ್ಟಿ, ಅವರು ಪತ್ತಿರ್ ಎನ್ನುತ್ತಾರೆ. ಜೊತೆಗೆ ಎರಡು ಬಾಳೆಹಣ್ಣು. ಒಂದು ರೊಟ್ಟಿ ನನ್ನ ಕಡೆಗೂ ಚಾಚಿದಳು. ನಾನು ತೆಗೆದುಕೊಳ್ಳಲಿಲ್ಲ, ಬದಲಿಗೆ ಅವಳಿಗೆ ಅಕ್ಕಿಯ ದೋಷಗಳನ್ನು ವಿವರಿಸಿದೆ. ಅವಳು ಪಾಪ ಅಗಿಯುತ್ತ ಕೇಳಿದಳು. ಇರಬಹುದು ಹೇಮಾ, ಆದರೆ ನನಗೆ ಹಸಿವಾಗುತ್ತದೆ ಎಂದಳು.

ಓಟದಲ್ಲಿ ಏಳನೇ ಕಿಲೋಮೀಟರಿನವರೆಗೆ ನಾನು ಮುಂದಿದ್ದೆ. ಆಮೇಲೆ ಒಂದು ಸೇತುವೆಯ ಏರು ಬಂತು. ಹಿಂದಿನಿಂದ ಉಡುಪಿ ಕಡೆಯ, ನಾನು ಲೆಕ್ಕಕ್ಕೇ ಹಿಡಿಯದಿದ್ದ ಹುಡುಗಿಯೊಬ್ಬಳು ನನ್ನನ್ನು ದಾಟಿದಳು. ದಾಟಲಿ, ಹಿಡಿಯುತ್ತೇನೆ ಎಂದುಕೊಂಡೆ. ಪಂಜದ ಗುಡ್ಡ ಹತ್ತಿದವಳಿಗೆ ಅದೊಂದು ಏರೇ ಅಲ್ಲ. ಆದರೆ ಕಾಲಿಗೆ ಹೇಳಿದ್ದು ಕಾಲಿಗೆ ಕೇಳಿಸಲಿಲ್ಲ. ಕೊನೆಯ ಕಿಲೋಮೀಟರಿನಲ್ಲಿ ರಮ್ಲತ್ ಪಕ್ಕಕ್ಕೆ ಬಂದಳು. ಬಂದು ಒಮ್ಮೆ ನನ್ನ ಮುಖ ನೋಡಿದಳು, ಬಾ ಎಂದು ಕೈಸನ್ನೆಯನ್ನೂ ಮಾಡಿದಳು. ನನ್ನಿಂದ ಆಗಲಿಲ್ಲ. ಮೂರು ವರ್ಷ ನನ್ನ ಬೆನ್ನು ನೋಡಿದವಳ ಬೆನ್ನನ್ನು ನಾನು ಗೆರೆ ಮುಟ್ಟುವವರೆಗೂ ನೋಡಿದೆ. ನಾನು ಮೂರನೆಯವಳು. ನೌಕರಿ ಇಬ್ಬರಿಗೆ.

ಶರ್ಮರು ಗೆರೆಯ ಆಚೆ ನಿಂತಿದ್ದರು. ನನ್ನನ್ನು ಹಿಡಿದು ನಿಲ್ಲಿಸಿದರು, ನೀರು ಕೊಟ್ಟರು. ಆಮೇಲೆ ಗಂಭೀರವಾಗಿ ಹೇಳಿದರು.

"ದೇಹ ಕೈ ಕೊಟ್ಟದ್ದಲ್ಲ ಹೇಮಾ. ದೇಹದಲ್ಲಿ ಬೇಕಾದಷ್ಟು ಉಂಟು. ನಿನ್ನ ಮನಸ್ಸು ಕೈ ಕೊಟ್ಟದ್ದು."

ನಾನು ನಂಬಿದೆ! ಈಗಲೂ ನೆನೆದರೆ ಮೈ ಉರಿಯುತ್ತದೆ. ಪಂಜಕ್ಕೆ ಹೋಗಿ ಹತ್ತು ದಿನ ನನ್ನ ದುರ್ಬಲ ಮನಸ್ಸಿಗಾಗಿ ಅತ್ತೆ. ಅಪ್ಪ ನನ್ನ ಟಾರ್ಚಿಗೆ ಹೊಸ ಬ್ಯಾಟರಿ ಹಾಕಿಟ್ಟರು. ಹನ್ನೊಂದನೇ ದಿನ ನಾನು ಶರ್ಮರ ಬೆಣ್ಣೆಯ ಡಬ್ಬ ತೊಳೆದು ಒಣಗಿಸಿ, ಅದನ್ನು ಹಿಂದಿರುಗಿಸಿ, ಅವರ ಶ್ರಮ ಹಾಳು ಮಾಡಿದ್ದಕ್ಕೆ ಕ್ಷಮೆ ಕೇಳಿ ಬರೋಣ ಎಂದು ನರಿಮೊಗರಿಗೆ ಹೊರಟೆ. ಹೌದು, ಕ್ಷಮೆ ಕೇಳಲು ಹೊರಟದ್ದು ನಾನು.

ನಾನು ಮುಟ್ಟುವಾಗ ಬೆಳಿಗ್ಗೆ ಎಂಟು ಗಂಟೆಯ ಹೊತ್ತು. ಅವರ ಹೆಂಡತಿ ಸಾವಿತ್ರಕ್ಕ ಒಳಗೆ ಕರೆದರು. ಶರ್ಮರು ಅಡುಗೆಮನೆಯ ಮಣೆಯ ಮೇಲೆ ಕೂತಿದ್ದರು. ಎದುರಿಗೆ ಬಾಳೆಲೆ, ಎಲೆಯಲ್ಲಿ ನೀರುದೋಸೆ. ಒಂದಲ್ಲ ಎರಡಲ್ಲ, ಮಡಚಿ ಮಡಚಿ ಇಟ್ಟದ್ದು ಏಳೆಂಟು. ಮೇಲೆ ತುಪ್ಪ ಹರಿಯುತ್ತಿತ್ತು. ಪಕ್ಕದಲ್ಲಿ ಕಾಯಿಬೆಲ್ಲ. ಆಚೆಗೆ ತಟ್ಟೆಯಲ್ಲಿ ಹಲಸಿನ ಹಣ್ಣಿನ ಸೊಳೆ. ಕಾವಲಿಯಲ್ಲಿ ಇನ್ನೊಂದು ದೋಸೆ ಚುಂಯ್ ಎನ್ನುತ್ತಿತ್ತು.

ನಾನು ಡಬ್ಬ ಹಿಡಿದುಕೊಂಡು ನಿಂತೇ ಇದ್ದೆ. ಇವತ್ತು ಏನಾದರೂ ವಿಶೇಷವೋ ಎಂದು ಸಾವಿತ್ರಕ್ಕನನ್ನು ಕೇಳಿದೆ. ಅವರು ಹೆಮ್ಮೆಯಿಂದ ಹೇಳಿದ್ದು ನನಗೆ ಇವತ್ತಿಗೂ ಬಾಯಿಪಾಠ.

"ವಿಶೇಷ ಎಂತ ಇಲ್ಲ. ಬೆಳಿಗ್ಗೆ ದೋಸೆ, ಮಧ್ಯಾಹ್ನ ಒತ್ತು ಸೇಮಿಗೆಯೋ ಅವಲಕ್ಕಿಯೋ, ರಾತ್ರೆಗೆ ಉಪ್ಪಿಟ್ಟು. ಮೂರು ವರ್ಷ ಆಯ್ತು, ಒಂದು ಅಗುಳು ಅನ್ನ ಮುಟ್ಟಲಿಲ್ಲ ನೋಡು. ವ್ರತದ ಹಾಗೆ ನಡೆಸಿಕೊಂಡು ಬಂದಿದ್ದಾರೆ."

ನಮ್ಮ ಕಡೆ ಒಪ್ಪೊತ್ತು ಎಂಬುದೊಂದಿದೆ. ಏಕಾದಶಿಗೋ ಶನಿವಾರಕ್ಕೋ ಒಂದು ಹೊತ್ತು ಊಟ ಬಿಡುವುದು. ಬಿಡುವುದು ಅಂದರೆ ಅನ್ನ ಬಿಡುವುದು. ಬೇಯಿಸಿದ ಅನ್ನಕ್ಕೆ ಮಾತ್ರ ಆ ಹೊತ್ತಿನಲ್ಲಿ ನಿಷೇಧ. ದೋಸೆ, ಅವಲಕ್ಕಿ, ಉಪ್ಪಿಟ್ಟು ಹೊಟ್ಟೆ ಬಿರಿಯುವಷ್ಟು ತಿಂದರೂ ಉಪವಾಸ ಉಪವಾಸವೇ. ನಮ್ಮ ಅಮ್ಮನೂ ಶನಿವಾರ ಮಾಡುತ್ತಾಳೆ. ಶರ್ಮರು ಅಮೆರಿಕದ ವಿಜ್ಞಾನವನ್ನು ತಂದು ನರಿಮೊಗರಿನಲ್ಲಿ ಒಪ್ಪೊತ್ತು ಆಚರಿಸುತ್ತಿದ್ದರು. ಅವರ ಆ ಮೆಡಲುಗಳೆಲ್ಲ ಅಕ್ಕಿಯವು. ಮೇಲಿನ ತುಪ್ಪ ಬರೀ ಒಗ್ಗರಣೆ.

ಇದು ಅಕ್ಕಿಯದಲ್ಲವಾ ಸರ್ ಎಂದು ಕೇಳಿದೆ. ಅವರು ಬಾಯಲ್ಲಿದ್ದುದನ್ನು ನುಂಗಿದರು. ಕದ್ದು ಸಿಕ್ಕಿಬಿದ್ದವರ ಮುಖವಾಗಿದ್ದರೆ ನಾನು ಅಲ್ಲಿಯೇ ನಕ್ಕುಬಿಡುತ್ತಿದ್ದೆನೋ ಏನೋ. ಹಾಗಿರಲಿಲ್ಲ. ಸಣ್ಣ ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಮುಖ ಅದು.

"ಕಲ್ಲಲ್ಲಿ ಕಡೆದ ಮೇಲೆ ಅದು ಅನ್ನ ಆಗ್ತದಾ ಮಾರಾಯ್ತಿ? ದೋಸೆ ತಿಂಡಿ ಅಲ್ವಾ. ಏಕಾದಶಿಗೂ ನಡೀತದೆ."

ಮೂರನೇ ಪುಟದಲ್ಲಿ ಬರೆದಿದೆಯಲ್ಲ ಎಂದೆ. ಅವರು ಸಾವಿತ್ರಕ್ಕನ ಮುಖ ನೋಡಿದರು, ನನ್ನ ಮುಖ ನೋಡಿದರು. ಮೂರನೇ ಪುಟದಲ್ಲಿ ಎಂತ ಉಂಟು ಎಂದು ನನ್ನನ್ನೇ ಕೇಳಿದರು. ಪುಣ್ಯಾತ್ಮ ಮೊದಲ ಪುಟದ ಬೆಣ್ಣೆಯ ಚಿತ್ರ ದಾಟಿ ಮುಂದೆ ಹೋಗಿರಲೇ ಇಲ್ಲ. ನಾನು ಪಟ್ಟಿ ಹೇಳಿದೆ. ದೋಸೆ ಬಿಟ್ಟೆ, ಅವಲಕ್ಕಿ ಬಿಟ್ಟೆ, ಬೆಲ್ಲ ಬಿಟ್ಟೆ, ಅಮ್ಮನ ಕೈಯ ಹಲಸಿನ ಗಟ್ಟಿ ಬಿಟ್ಟೆ, ಕೊನೆಗೆ ನೌಕರಿಯನ್ನೂ ಬಿಟ್ಟ ಹಾಗಾಯಿತು ಎಂದೆ. ಶರ್ಮರು ಕೈಯಲ್ಲಿದ್ದ ದೋಸೆಯ ತುಂಡನ್ನು ಎಲೆಯಲ್ಲಿಟ್ಟರು.

"ಅಷ್ಟೆಲ್ಲ ಬಿಡ್ಲಿಕ್ಕೆ ನಿನಗೆ ಯಾರು ಹೇಳಿದ್ದು?" ಎಂದರು.

ನಾನು ಡಬ್ಬವನ್ನು ನೆಲಕ್ಕೆ ಇಟ್ಟು ಹೊರಗೆ ಬಂದೆ. ಸಾವಿತ್ರಕ್ಕ ಹಿಂದಿನಿಂದ, ಎರಡು ದೋಸೆ ತಿಂದು ಹೋಗು ಮಗಾ ಎಂದು ಕರೆಯುತ್ತಿದ್ದರು. ಗೇಟು ದಾಟಿ ರಸ್ತೆಗೆ ಬಂದ ಮೇಲೆ ನನಗೆ ಅಳುವೂ ಬರಲಿಲ್ಲ. ಮೂರು ತಿಂಗಳು ನಾನು ದೇವರೆಂದು ಪೂಜಿಸಿದ ಮನುಷ್ಯನಿಗೆ ದೋಸೆ ಯಾವುದರಿಂದ ಆಗುತ್ತದೆ ಎಂಬ ವಿಷಯ ತಲೆಗೆ ಹೋಗಿರಲಿಲ್ಲ.

ಬಿಡುವವಳಲ್ಲ ನಾನು. ಮೈದಾನದ ವಾಟ್ಸಾಪ್ ಗ್ರೂಪಿಗೆ ಎಲ್ಲವನ್ನೂ ಬರೆದೆ. ಏಳೆಂಟು ನೀರುದೋಸೆ, ಕಾಯಿಬೆಲ್ಲ, ಒಪ್ಪೊತ್ತು, ಯಾವುದನ್ನೂ ಬಿಡಲಿಲ್ಲ. ಅದು ಪುತ್ತೂರಿನಿಂದ ಸುಳ್ಯಕ್ಕೆ ಹೋಗಿ, ಮರ್ಕಂಜದ ನನ್ನ ಚಿಕ್ಕಮ್ಮನ ಮೊಬೈಲಿಗೂ ಬಂತು. ಒಂದೇ ವಾರದಲ್ಲಿ ಬೆಣ್ಣೆ ಶರ್ಮ ಹೋಗಿ ದೋಸೆ ಶರ್ಮ ಆದರು. ಮೈದಾನಕ್ಕೆ ಬಂದಾಗ ಹುಡುಗರು, ಸರ್, ಇವತ್ತು ಎಷ್ಟು ಹಾಕಿದ್ರಿ ಎಂದು ಕೇಳುತ್ತಿದ್ದರಂತೆ. ಹೋಟೆಲಿನ ಯಜಮಾನರು ಕೂಡ, ಕಾಫಿಗೆ ದೋಸೆ ಅದ್ದಿ ಕೊಡಲಾ ಎಂದು ಕೇಳಿ ಸೇಡು ತೀರಿಸಿಕೊಂಡರಂತೆ. ಕೇಳಿ ನನಗೆ ಭಾರೀ ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ.

ಶರ್ಮರು ಏನು ಮಾಡಿದರು ಗೊತ್ತೇ? ನನ್ನಿಂದಾದ ತಪ್ಪು ಎಂದು ಒಂದು ಮಾತು ಹೇಳಬಹುದಿತ್ತು. ನಾನು ಕಾದೆ. ಫೋನ್ ಬರಲಿಲ್ಲ. ಬದಲಿಗೆ ಮೂರನೇ ಪುಟವನ್ನು ಯಾರಿಂದಲೋ ಓದಿಸಿಕೊಂಡು, ಪಟ್ಟಿಯಲ್ಲಿದ್ದದ್ದನ್ನೆಲ್ಲ ಬಿಟ್ಟರು. ದೋಸೆ ಇಲ್ಲ, ಅವಲಕ್ಕಿ ಇಲ್ಲ, ಉಪ್ಪಿಟ್ಟು ಇಲ್ಲ, ಹಣ್ಣಿಲ್ಲ. ಮುಂದಿನ ಓಟದಲ್ಲಿ ಅವರಿಗೆ ಮೆಡಲು ಬರಲಿಲ್ಲ. ಅದರ ಮುಂದಿನದರಲ್ಲಿ ಕೊನೆಯ ಐದು ಕಿಲೋಮೀಟರ್ ನಡೆದರು ಎಂದು ಯಾರೋ ಹೇಳಿದರು. ಹಟಮಾರಿ ಮುದುಕ, ತಾನು ಹೇಳಿದ್ದೇ ಸರಿ ಎಂದು ತೋರಿಸಲು ಹೊರಟಿದ್ದಾನೆ ಎಂದುಕೊಂಡೆ. ಸಂತೆಯಲ್ಲಿ ಒಮ್ಮೆ ಸಾವಿತ್ರಕ್ಕ ಸಿಕ್ಕಿ, ಅವರು ಬರೀ ತರಕಾರಿ, ಮೊಟ್ಟೆಯಲ್ಲಿ ದಿನ ದೂಡುತ್ತಿದ್ದಾರೆ, ಮನೆಯಲ್ಲಿ ಮೊಟ್ಟೆ ಬೇಯಿಸುವ ಕಾಲ ಬಂತು, ನೀನಾದರೂ ಬಂದು ಎರಡು ಮಾತು ಹೇಳು ಎಂದು ಕೈ ಹಿಡಿದುಕೊಂಡರು. ನನ್ನ ಮಾತು ಅವರಿಗೆ ಯಾಕೆ, ಅವರೇ ದೊಡ್ಡ ಗುರುಗಳಲ್ಲವಾ ಎಂದು ಕೈ ಬಿಡಿಸಿಕೊಂಡೆ.

ನಾನು ಆಮೇಲೆ ದೈಹಿಕ ಶಿಕ್ಷಣದ ಕೋರ್ಸು ಮಾಡಿದೆ. ನನಗಾದದ್ದೇನು ಎಂದು ಅಲ್ಲಿ ಅರ್ಥವಾಯಿತು. ದೇಹ ಕೊಬ್ಬು ಉರಿಸಲು ಕಲಿಯುವುದು ಸುಳ್ಳಲ್ಲ, ಕಲಿಯುತ್ತದೆ. ಆದರೆ ಅಷ್ಟೇ ವೇಗಕ್ಕೆ ಕೊಬ್ಬು ಹೆಚ್ಚು ಉಸಿರು ಕೇಳುತ್ತದೆ. ನಿಧಾನದ ಓಟದಲ್ಲಿ ಅದು ಗೊತ್ತಾಗುವುದಿಲ್ಲ, ಪೈಪೋಟಿಯ ವೇಗದಲ್ಲಿ ಗೊತ್ತಾಗುತ್ತದೆ. ಮೇಡಂ ಅದನ್ನು ಹತ್ತು ನಿಮಿಷದಲ್ಲಿ ಹೇಳಿ ಮುಗಿಸಿದರು. ನಾನು ಕೊನೆಯ ಬೆಂಚಿನಲ್ಲಿ ಕೂತು ಕೇಳಿದೆ, ನೋಟ್ಸ್ ಬರೆಯಲಿಲ್ಲ.

ಆ ಇಲಾಖೆ ಮತ್ತೆ ಅರ್ಜಿ ಕರೆಯುವಷ್ಟರಲ್ಲಿ ನನ್ನ ವಯಸ್ಸು ದಾಟಿತ್ತು. ಈಗ ಕಡಬದ ಹತ್ತಿರ ಒಂದು ಶಾಲೆಯಲ್ಲಿ ತಾತ್ಕಾಲಿಕ ಶಿಕ್ಷಕಿ. ಪ್ರತಿ ಜೂನಿನಲ್ಲಿ ನನ್ನನ್ನು ಪುನಃ ಇಟ್ಟುಕೊಳ್ಳುತ್ತಾರೋ ಇಲ್ಲವೋ ಎಂದು ಕಾಯುವುದು. ರಜೆಯಲ್ಲಿ ಅಪ್ಪನ ಜೊತೆ ಗುಡ್ಡ. ರಮ್ಲತ್ ತಿಂಗಳಿಗೊಮ್ಮೆ ಫೋನ್ ಮಾಡುತ್ತಾಳೆ. ಅವಳ ನೌಕರಿಯ ವಿಷಯ ನಾನು ಕೇಳುವುದಿಲ್ಲ, ಅವಳೂ ಹೇಳುವುದಿಲ್ಲ.

ಕಳೆದ ವರ್ಷ ಮಕ್ಕಳನ್ನು ಕ್ರೀಡಾಕೂಟಕ್ಕೆಂದು ಪುತ್ತೂರಿನ ಅದೇ ಮೈದಾನಕ್ಕೆ ಕರೆದುಕೊಂಡು ಹೋಗಿದ್ದೆ. ಮಧ್ಯಾಹ್ನದ ಹೊತ್ತಿಗೆ ಬೇಲಿಯ ಬದಿಯಲ್ಲಿ ಯಾರೋ ನಿಂತು ಓಟ ನೋಡುತ್ತಿದ್ದರು. ಶರ್ಮರು. ಮೊದಲೇ ಒಣಕಲು, ಈಗ ಅಂಗಿಯೊಳಗೆ ಮನುಷ್ಯ ಇದ್ದಾರೆಂದೇ ಹೇಳುವ ಹಾಗಿರಲಿಲ್ಲ. ಸೊಂಟದಲ್ಲಿ ಪಟ್ಟಿ ಇರಲಿಲ್ಲ. ಈಗ ಓಡುವುದಿಲ್ಲ, ನಡೆಯುವುದು ಮಾತ್ರ ಎಂದರು. ನನಗೆ ನಾಲಿಗೆ ತುರಿಸಿತು.

"ಇನ್ನೂ ಹೊಂದಿಕೊಳ್ಳಲಿಲ್ವಾ ಸರ್?" ಎಂದೆ.

ಅವರು ಸಿಟ್ಟಾಗಲಿಲ್ಲ. ಟ್ರ್ಯಾಕಿನ ಕಡೆಯೇ ನೋಡುತ್ತ, ನೀನು ಹೇಳಿದ್ದು ಸರಿ ಎಂದು ನನಗೆ ಒಂದೇ ತಿಂಗಳಲ್ಲಿ ಗೊತ್ತಾಯಿತು ಎಂದರು. ಮತ್ತೆ ಯಾಕೆ ಈ ಅವಸ್ಥೆ, ದೋಸೆ ತಿಂದು ಆರಾಮವಾಗಿ ಓಡಬಹುದಿತ್ತಲ್ಲ ಎಂದು ಕೇಳಿದೆ. ಅವರು ನನ್ನ ಕಡೆ ತಿರುಗಿದರು.

"ದೋಸೆ ತಿಂದು ಪುನಃ ಮೊದಲಿನ ಹಾಗೆ ಓಡಿದ್ರೆ, ನಿನ್ನ ಕೆಲಸ ಕಳೆದದ್ದು ನಾನೇ ಅಂತ ಆಗ್ತದಲ್ಲ ಹೇಮಾ. ಮೆಡಲು ತಕೊಂಡು ನಿನ್ನ ಎದುರು ಹೇಗೆ ನಿಲ್ಲುದು?"

ಇದೇ ಮಾತಿಗಾಗಿ ನಾನು ವರ್ಷಗಟ್ಟಲೆ ಕಾದಿದ್ದೆ. ಬಂದರೆ ಏನು ಹೇಳಬೇಕೆಂದು ರಬ್ಬರ್ ಮರಗಳ ನಡುವೆ ಒಬ್ಬಳೇ ಗಟ್ಟಿಯಾಗಿ ಅಭ್ಯಾಸ ಮಾಡಿಕೊಂಡದ್ದೂ ಉಂಟು. ಅದು ಬಂದದ್ದು ಹೀಗೆ, ಸೊಟ್ಟ ಸೊಟ್ಟವಾಗಿ, ಅರ್ಧ ಹುಚ್ಚುತನದಲ್ಲಿ. ತಪ್ಪಾಯಿತು ಎಂಬ ಒಂದು ಶಬ್ದ ಹೇಳಲು ನಾಚಿಕೆಯಾಗಿ, ಆ ಮನುಷ್ಯ ತನ್ನ ಓಟವನ್ನೇ ಕೊಂದುಕೊಂಡು ಕೂತಿದ್ದರು. ಇಷ್ಟು ದಡ್ಡತನ ಒಬ್ಬನೇ ಮನುಷ್ಯನಲ್ಲಿ ಇರಲು ಸಾಧ್ಯವೇ? ನನಗೆ ಸಿಟ್ಟು ನೆತ್ತಿಗೇರಿತು.

"ನೀವು ಉಪವಾಸ ಇದ್ರೆ ನನಗೆ ಎಂತ ಸಿಗ್ತದೆ ಸರ್?" ಎಂದೆ.

"ಎಂತದ್ದೂ ಸಿಗುದಿಲ್ಲ" ಎಂದು ಒಪ್ಪಿಕೊಂಡರು.

ಅಷ್ಟರಲ್ಲಿ ನನ್ನ ಶಾಲೆಯ ಮಕ್ಕಳನ್ನು ರಿಲೇಗೆ ಕರೆದರು. ನಾನು ಹೋದೆ. ಓಟ ಮುಗಿಸಿ ತಿರುಗಿದಾಗ ಬೇಲಿಯ ಬದಿಯಲ್ಲಿ ಯಾರೂ ಇರಲಿಲ್ಲ. ಅದರ ನಂತರ ಅವರನ್ನು ಮೈದಾನದಲ್ಲಿ ಕಂಡವರಿಲ್ಲ. ಅಂಗಡಿಯನ್ನೂ ಬೇರೆಯವರಿಗೆ ಬಿಟ್ಟುಕೊಟ್ಟು ಮನೆಯಲ್ಲಿಯೇ ಇದ್ದಾರಂತೆ. ಸಾವಿತ್ರಕ್ಕ ದಿನಾ ಬೆಳಿಗ್ಗೆ ದೋಸೆ ಎರೆದು ಎದುರಿಗೆ ಇಡುತ್ತಾರಂತೆ, ಅವರು ಮುಟ್ಟುವುದಿಲ್ಲವಂತೆ.

ಆಗಿದ್ದು ಆಯಿತು ಸರ್, ತಿನ್ನಿ, ಎಂದು ನಾನು ಹೇಳಿದರೆ ತಿನ್ನುತ್ತಾರೆ. ಅದು ನನಗೆ ಗೊತ್ತಿದೆ. ಪುತ್ತೂರಿನಿಂದ ನರಿಮೊಗರಿಗೆ ಬೇಕಾದಷ್ಟು ಬಸ್ಸುಗಳಿವೆ. ನಾನು ಇನ್ನೂ ಹತ್ತಿಲ್ಲ.